ಕಾರ್ಡು ಒಂದು, ಬೆಲೆ ಎರಡು: ಟ್ರೇಡಿಂಗ್ ಕಾರ್ಡ್ ಆಟದ ಒಳಹೊರಗು

ಸಂಘದ ವಾರ್ಷಿಕೋತ್ಸವ ನಡೆಯುತ್ತಿರುತ್ತದೆ. ವೇದಿಕೆಯಲ್ಲಿ ಮುಖ್ಯ ಅತಿಥಿಗಳ ಭಾಷಣ. ಸಭಾಗೃಹದ ಕೊನೆಯ ಸಾಲಿನ ಕುರ್ಚಿಗಳ ಹಿಂದೆ, ಗೋಡೆಯ ಬದಿಯಲ್ಲಿ ನಾಲ್ಕೈದು ಹುಡುಗರು ತಲೆಗೆ ತಲೆ ತಾಗಿಸಿ ನೆಲದಲ್ಲೇ ಕುಳಿತು ಬಣ್ಣದ ಕಾರ್ಡುಗಳನ್ನು ಹರಡಿಕೊಂಡಿರುತ್ತಾರೆ. ನೀರು ಕುಡಿಯಲೆಂದು ಎದ್ದು ಬಂದ ಹಿರಿಯ ಸದಸ್ಯರ ಕಣ್ಣಿಗೆ ಅದು ಬೀಳುತ್ತದೆ. "ಏನು ಮಕ್ಕಳೇ, ಸಂಘದ ಸಭೆಯಲ್ಲೂ ಇಸ್ಪೀಟಾ?" ಎಂದು ಅವರು ಗದರುತ್ತಾರೆ. "ಇಸ್ಪೀಟಲ್ಲ ಅಂಕಲ್, ಪೋಕೆಮಾನ್" ಎಂಬ ಉತ್ತರ ತಲೆ ಎತ್ತದೆಯೇ ಬರುತ್ತದೆ. ಮಹಾನಗರದಲ್ಲಿ ಇಂಥ ದೃಶ್ಯ ಈಗ ಅಪರೂಪವೇನಲ್ಲ.

ಹಿರಿಯರ ಗಾಬರಿಯಲ್ಲಿ ತಪ್ಪಿಲ್ಲ. ಇಸ್ಪೀಟಿನ ಚಟಕ್ಕೆ ಬಿದ್ದು ಹೋಟೆಲಿನ ಪಾಲು ಕಳೆದುಕೊಂಡವರ, ಊರಿನ ಗದ್ದೆ ಮಾರಿದವರ ಕಥೆಗಳನ್ನು ಮುಂಬಯಿ ಕನ್ನಡಿಗರ ಹಳೆಯ ತಲೆಮಾರು ಬೇಕಾದಷ್ಟು ಕೇಳಿದೆ. ಆದರೆ ಹುಡುಗನ ಉತ್ತರದಲ್ಲೂ ಹುರುಳಿದೆ. ಇದು ಇಸ್ಪೀಟಲ್ಲ. ಹಾಗೆಂದು ಬರೀ ಆಟವೂ ಅಲ್ಲ. ಒಂದು ಕಡೆಯಿಂದ ನೋಡಿದರೆ ಇದು ಚದುರಂಗದಂತೆ ಬುದ್ಧಿಗೆ ಕೆಲಸ ಕೊಡುವ ಆಟ, ಇನ್ನೊಂದು ಕಡೆಯಿಂದ ಅಂಚೆಚೀಟಿಯಂಥ ಸಂಗ್ರಹ, ಮತ್ತೊಂದು ಕಡೆಯಿಂದ ಷೇರು ಪೇಟೆಯನ್ನೂ ನಾಚಿಸುವ ವ್ಯಾಪಾರ. ಮಗ ಅಥವಾ ಮಗಳು ಈ ಮೂರರಲ್ಲಿ ಯಾವುದರ ಹಿಂದೆ ಹೋಗುತ್ತಿದ್ದಾರೆ ಎಂದು ತಿಳಿಯದೆ ಹಣ ಕೊಡುವ ತಂದೆ ತಾಯಿ ಎಷ್ಟೋ ಮಂದಿ.

ಕಟ್ಟು ಎಂದೂ ಮುಗಿಯದು

ಇಸ್ಪೀಟಿನ ಒಂದು ಕಟ್ಟಿನಲ್ಲಿ 52 ಎಲೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ, ಪಕ್ಕದ ಸಾವಂತವಾಡಿಯಲ್ಲಿ ಇಂದಿಗೂ ಕೈಯಲ್ಲೇ ಚಿತ್ರ ಬರೆಯುವ ಗಂಜೀಫಾ ಎಂಬ ದುಂಡನೆಯ ಎಲೆಗಳ ಆಟದಲ್ಲಿ, ದಶಾವತಾರದ ಕಟ್ಟಿಗೆ ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಎಷ್ಟೇ ಇರಲಿ, ಒಂದು ಕಟ್ಟು ಕೊಂಡರೆ ಆಟ ಪೂರ್ತಿ ಮನೆಗೆ ಬಂದ ಹಾಗೆ. ಇಬ್ಬರೂ ಅದೇ ಕಟ್ಟಿನಿಂದ ಆಡುತ್ತಾರೆ.

ಟ್ರೇಡಿಂಗ್ ಕಾರ್ಡ್ ಆಟದಲ್ಲಿ ಹಾಗಲ್ಲ. ಇಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನದೇ ಕಟ್ಟನ್ನು ತರಬೇಕು. ಆ ಕಟ್ಟಿನಲ್ಲಿ ಯಾವ ಕಾರ್ಡಿರಬೇಕು ಎಂದು ಆರಿಸುವವನೂ ಅವನೇ. ಪೋಕೆಮಾನ್ ಆಟದಲ್ಲಿ ಕಟ್ಟಿಗೆ ಸರಿಯಾಗಿ 60 ಕಾರ್ಡು. ಒಂದೇ ಹೆಸರಿನದ್ದು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ, ಮೂಲ ಶಕ್ತಿಯ ಕಾರ್ಡುಗಳಿಗೆ ಮಾತ್ರ ಈ ಮಿತಿ ಇಲ್ಲ. ಆರಂಭದಲ್ಲಿ ಕೈಗೆ ಏಳು ಕಾರ್ಡು, ಪಕ್ಕಕ್ಕೆ ಮುಚ್ಚಿಟ್ಟ ಬಹುಮಾನದ ಆರು ಕಾರ್ಡು. ಎದುರಾಳಿಯ ಪ್ರಾಣಿಯನ್ನು ಕೆಡವಿದಾಗಲೆಲ್ಲ ಬಹುಮಾನದಿಂದ ತೆಗೆಯುವುದು, ಆರೂ ಮೊದಲು ತೆಗೆದವನು ಗೆದ್ದ. ಹೇಳಲು ಇಷ್ಟೇ. ಆದರೆ ಪ್ರತಿ ಕಾರ್ಡಿನ ಮೇಲೂ ಅದರದ್ದೇ ಬಲ, ಅದರದ್ದೇ ನಿಯಮ ಅಚ್ಚಾಗಿರುವುದರಿಂದ ಎರಡು ಆಟ ಒಂದೇ ರೀತಿ ನಡೆಯುವುದಿಲ್ಲ.

ಕಾರ್ಡು ಕೊಳ್ಳುವುದು ಮುಚ್ಚಿದ ಪೊಟ್ಟಣದಲ್ಲಿ. ಒಳಗೆ ಏನಿದೆ ಎಂದು ಅಂಗಡಿಯವನಿಗೂ ತಿಳಿಯದು. ಸಾಮಾನ್ಯ ಕಾರ್ಡು ಹೆಚ್ಚು, ಅಪರೂಪದ್ದು ಒಂದೋ ಎರಡೋ. ಒಬ್ಬನಿಗೆ ಎರಡೆರಡು ಬಂದದ್ದು ಇನ್ನೊಬ್ಬನಿಗೆ ಬೇಕಾಗಿರುತ್ತದೆ. ಆಗ ನಡೆಯುವ ವಿನಿಮಯವೇ ಈ ಆಟಕ್ಕೆ ಹೆಸರು ಕೊಟ್ಟದ್ದು.

ಚಿತ್ರದ ಕಾರ್ಡು ಕೂಡಿಸುವ ಹುಚ್ಚು ಹೊಸತಲ್ಲ. ಅಮೆರಿಕದಲ್ಲಿ ಸಿಗರೇಟಿನ ಪೆಟ್ಟಿಗೆಯೊಳಗೆ ಆಟಗಾರರ ಚಿತ್ರ ಇಡುವ ರೂಢಿ 19ನೇ ಶತಮಾನದ್ದು. 1909ರ ಸುಮಾರಿಗೆ ಹಾಗೆ ಬಂದ ಹೋನಸ್ ವಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಇಲ್ಲಿಯೂ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳನ್ನು ಕೂಡಿಸಿದವರು, ಕುಸ್ತಿಪಟುಗಳ ಟ್ರಂಪ್ ಕಾರ್ಡಿಗಾಗಿ ಶಾಲೆಯ ಬಸ್ಸಿನಲ್ಲಿ ಜಗಳವಾಡಿದವರು ಈಗ ನಲುವತ್ತು ದಾಟಿದ್ದಾರೆ. ಕೂಡಿಸುವ ಕಾರ್ಡನ್ನೂ ಬುದ್ಧಿಯ ಆಟವನ್ನೂ ಒಂದೇ ಕಾಗದದ ತುಂಡಿನಲ್ಲಿ ಸೇರಿಸಿದ್ದು ಮಾತ್ರ ಹೊಸ ಯೋಚನೆ. ಅದು ಒಬ್ಬ ಗಣಿತದ ವಿದ್ಯಾರ್ಥಿಯದು.

ಗಣಿತದ ಮೇಷ್ಟ್ರ ಮಾಯಾಜಾಲ

ರಿಚರ್ಡ್ ಗಾರ್ಫೀಲ್ಡ್ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದವರು. 1991ರಲ್ಲಿ ತಾವು ರೂಪಿಸಿದ ಒಂದು ಹಲಗೆಯಾಟವನ್ನು ಹಿಡಿದುಕೊಂಡು ಪೀಟರ್ ಅಡ್ಕಿಸನ್ ಎಂಬವರ ಬಳಿ ಹೋದರು. ಅಡ್ಕಿಸನ್ ಬೋಯಿಂಗ್ ವಿಮಾನ ಕಂಪೆನಿಯ ನೌಕರ. ಜೊತೆಗೆ ತಮ್ಮ ಮನೆಯ ನೆಲಮಾಳಿಗೆಯಲ್ಲಿ 'ವಿಜಾರ್ಡ್ಸ್ ಆಫ್ ದಿ ಕೋಸ್ಟ್' ಎಂಬ ಪುಟ್ಟ ಕಂಪೆನಿ ನಡೆಸುತ್ತಿದ್ದರು. ಹಲಗೆಯಾಟ ತಯಾರಿಸಲು ಅವರ ಬಳಿ ಬಂಡವಾಳವಿರಲಿಲ್ಲ. ಜೇಬಿನಲ್ಲಿಟ್ಟು ಒಯ್ಯಬಹುದಾದ, ಬೇಗ ಮುಗಿಯುವ, ಅಗ್ಗದ ಆಟ ಏನಾದರೂ ಮಾಡಿಕೊಡಿ ಎಂದರು. ಗಾರ್ಫೀಲ್ಡ್ ಮಾಡಿಕೊಟ್ಟದ್ದು 'ಮ್ಯಾಜಿಕ್: ದಿ ಗ್ಯಾದರಿಂಗ್'. ಬೆಲ್ಜಿಯಂನಲ್ಲಿ ಅಚ್ಚಾಗಿ 1993ರ ಆಗಸ್ಟಿನಲ್ಲಿ ಅದು ಪೇಟೆಗೆ ಬಂತು. ಮೊದಲ ಮುದ್ರಣದ ಸುಮಾರು 26 ಲಕ್ಷ ಕಾರ್ಡುಗಳು ಬೇಗನೆ ಖಾಲಿಯಾದವು. ಆ ಆಟದಲ್ಲಿ ಇಂದಿಗೆ ಬೇರೆ ಬೇರೆ ಹೆಸರಿನ ಕಾರ್ಡುಗಳೇ 25 ಸಾವಿರಕ್ಕೂ ಮಿಕ್ಕಿವೆ.

ಆ ಮೊದಲ ಆಟದ ಒಂದು ನಿಯಮ ನಮ್ಮ ಹಿರಿಯರಿಗೆ ತಟ್ಟನೆ ಅರ್ಥವಾಗುವಂಥದ್ದು. ಆಟ ಶುರುವಾಗುವ ಮುನ್ನ ಇಬ್ಬರೂ ತಮ್ಮ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡನ್ನು ನೋಡದೆ ತೆಗೆದು ಪಕ್ಕಕ್ಕಿಡಬೇಕು. ಗೆದ್ದವನಿಗೆ ಎರಡೂ. ಅಂದರೆ ಪಣ! ಹಸ್ತಿನಾವತಿಯ ಸಭೆಯಲ್ಲಿ ಧರ್ಮರಾಯ ಮಾಡಿದ್ದೂ ಇದನ್ನೇ, ಪಣದ ಗಾತ್ರ ಬೇರೆ ಅಷ್ಟೇ. ಕಾರ್ಡುಗಳು ಕೈಯಿಂದ ಕೈಗೆ ತಿರುಗುತ್ತಿರಲಿ ಎಂಬ ಒಳ್ಳೆಯ ಉದ್ದೇಶದಿಂದ ಇಟ್ಟ ನಿಯಮವದು. ಆದರೆ ಪ್ರೀತಿಯಿಂದ ಕೂಡಿಸಿದ ಕಾರ್ಡನ್ನು ಕಳೆದುಕೊಳ್ಳಲು ಆಟಗಾರರಿಗೆ ಮನಸ್ಸಿರಲಿಲ್ಲ, ಜೂಜಿನ ಕಾನೂನಿನ ಭಯವೂ ಇತ್ತು. ಕೆಲವೇ ವರ್ಷಗಳಲ್ಲಿ ಆ ನಿಯಮ ಮೂಲೆಗೆ ಸರಿಯಿತು. ಆದುದರಿಂದ ಇಂದು ಯಾವುದೇ ಅಧಿಕೃತ ಸ್ಪರ್ಧೆಯಲ್ಲಿ ಸೋತ ಹುಡುಗ ತನ್ನ ಕಾರ್ಡನ್ನು ಕೊಡಬೇಕಾಗಿಲ್ಲ. "ಸೋತರೆ ನಿನ್ನ ಕಾರ್ಡು ನನಗೆ" ಎಂದು ದೊಡ್ಡ ಹುಡುಗನೊಬ್ಬ ಕಟ್ಟಡದ ಮೆಟ್ಟಿಲಲ್ಲಿ ಹೇಳಿದರೆ ಅದು ಆಟದ ನಿಯಮವಲ್ಲ, ಅವನದ್ದೇ ದಬ್ಬಾಳಿಕೆ. ಚಿಕ್ಕ ಮಕ್ಕಳಿಗೆ ಇದನ್ನು ತಿಳಿಸಿ ಹೇಳುವುದು ಒಳ್ಳೆಯದು.

ಜಪಾನಿನಲ್ಲಿ ಪೋಕೆಮಾನ್ ಕಾರ್ಡು ಬಂದದ್ದು 1996ರ ಅಕ್ಟೋಬರಿನಲ್ಲಿ, ಯು-ಗಿ-ಓ ಕಾರ್ಡಿನಾಟ 1999ರಲ್ಲಿ. ಪೋಕೆಮಾನಿನ ಇಂಗ್ಲಿಷ್ ಕಾರ್ಡನ್ನು 1999ರ ಜನವರಿಯಲ್ಲಿ ಅಮೆರಿಕದ ಪೇಟೆಗಿಳಿಸಿದ್ದು ಅದೇ ವಿಜಾರ್ಡ್ಸ್ ಕಂಪೆನಿ. ಆ ವರ್ಷವೇ ಆಟಿಕೆಗಳ ದೈತ್ಯ ಹ್ಯಾಸ್‌ಬ್ರೋ ಸುಮಾರು 32.5 ಕೋಟಿ ಡಾಲರ್ ಕೊಟ್ಟು ವಿಜಾರ್ಡ್ಸ್ ಅನ್ನು ಕೊಂಡುಕೊಂಡಿತು. ನೆಲಮಾಳಿಗೆಯ ಕಂಪೆನಿಗೆ! ಭಾರತದ ಮಕ್ಕಳು ಪಿಕಾಚುವನ್ನು ಕಂಡದ್ದು 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯಲ್ಲಿ. ಆಗ ಶಾಲೆಯಿಂದ ಓಡಿ ಬಂದು ಟಿವಿ ಮುಂದೆ ಕೂರುತ್ತಿದ್ದವರು ಈಗ ಸ್ವಂತ ಸಂಪಾದನೆಯವರು. ಕಾರ್ಡು ಕೊಳ್ಳುವವರಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಖರ್ಚು ಮಾಡುವುದಕ್ಕೆ ಇದೂ ಒಂದು ಕಾರಣ.

ಚಾರಿಜಾರ್ಡ್ ಸಿಗಬೇಕಾದರೆ

ಈಗ ಸ್ವಲ್ಪ ಲೆಕ್ಕ. 1999ರ ಮೊದಲ ಸರಣಿಯಲ್ಲಿ 102 ಕಾರ್ಡುಗಳು. ಅವುಗಳಲ್ಲಿ ಹೊಳೆಯುವ ಅಪರೂಪದ ಕಾರ್ಡು 16. ಬೆಂಕಿಯುಗುಳುವ ರೆಕ್ಕೆಯ ಚಾರಿಜಾರ್ಡ್ ಈ ಹದಿನಾರರಲ್ಲಿ ಒಂದು. ಎಲ್ಲ ಹುಡುಗರಿಗೂ ಬೇಕಾದದ್ದು ಅದೇ. 11 ಕಾರ್ಡಿನ ಪೊಟ್ಟಣದಲ್ಲಿ ಅಪರೂಪದ್ದು ಒಂದು. ಮೂರು ಪೊಟ್ಟಣಕ್ಕೆ ಒಂದರಂತೆ ಅದು ಹೊಳೆಯುವ ಕಾರ್ಡಾಗಿರುತ್ತಿತ್ತು. ಹದಿನಾರೂ ಸಮನಾಗಿ ಬೀಳುತ್ತವೆ ಎಂದು ಇಟ್ಟುಕೊಂಡರೆ ಚಾರಿಜಾರ್ಡಿಗೆ ಸರಾಸರಿ 48 ಪೊಟ್ಟಣ ಒಡೆಯಬೇಕು. ಒಂದು ಪೆಟ್ಟಿಗೆಯಲ್ಲಿ ಬರುತ್ತಿದ್ದದ್ದು 36. ಅಂದರೆ ಇಡೀ ಪೆಟ್ಟಿಗೆ ಕೊಂಡವನಿಗೂ ಖಾತರಿಯಿಲ್ಲ. 48 ಒಡೆದವನಿಗೆ ಖಾತರಿಯೇ? ಅದೂ ಇಲ್ಲ. 48 ಒಡೆದ ಮೇಲೂ ನೂರರಲ್ಲಿ 36 ಮಂದಿಗೆ ಅದು ಸಿಕ್ಕಿರುವುದಿಲ್ಲ. ಇನ್ನು ಹದಿನಾರನ್ನೂ ಪೊಟ್ಟಣ ಒಡೆದೇ ಕೂಡಿಸುತ್ತೇನೆ ಎಂದು ಹಟ ಹಿಡಿದರೆ ಸರಾಸರಿ 160ಕ್ಕೂ ಹೆಚ್ಚು ಪೊಟ್ಟಣ ಬೇಕು. ಹದಿನೈದು ಸಿಕ್ಕಿದ ಮೇಲೆ ಉಳಿದ ಆ ಕೊನೆಯ ಒಂದಕ್ಕೇ ಮತ್ತೆ 48.

ತಿಂಗಳ ಕಂತು ಕಟ್ಟುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಹತ್ತು ವರ್ಷದ ಮಗುವಿಗೆ ಅರ್ಥವಾಗುವುದು "ಮುಂದಿನ ಪೊಟ್ಟಣದಲ್ಲಿ ಇದ್ದೇ ಇರುತ್ತದೆ" ಎಂಬುದು ಮಾತ್ರ. ಇದು ಜೂಜೇ ಅಲ್ಲವೇ ಎಂದು ಅಮೆರಿಕದ ಪಾಲಕರು 1999ರಲ್ಲೇ ನ್ಯಾಯಾಲಯದ ಮೆಟ್ಟಿಲೇರಿದ್ದರು. ಕ್ರೀಡಾಪಟುಗಳ ಕಾರ್ಡು ಮಾಡುವ ಕಂಪೆನಿಗಳ ಮೇಲೂ ಅಂಥದ್ದೇ ದಾವೆಗಳಿದ್ದವು. 2002ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು ಇಂಥ ದಾವೆಗಳಲ್ಲಿ ಕೊಟ್ಟ ತೀರ್ಪಿನ ಸಾರ ಇಷ್ಟು: ಕೊಂಡವನಿಗೆ ದುಡ್ಡಿಗೆ ತಕ್ಕ ಪೊಟ್ಟಣ ಸಿಕ್ಕಿದೆ, ಬಯಸಿದ ಕಾರ್ಡು ಸಿಗಲಿಲ್ಲವೆಂಬ ನಿರಾಸೆ ಆಸ್ತಿಯ ನಷ್ಟವಲ್ಲ. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿರಬಹುದು. ಮನೆಯ ಲೆಕ್ಕದಲ್ಲಿ ನಿರಾಸೆಗೂ ದುಡ್ಡು ಹೋಗಿಯೇ ಹೋಗುತ್ತದೆ.

ಇದಕ್ಕೆ ಎರಡು ದಾರಿ ಇದೆ. ಒಂದು, ಮೊದಲೇ ಹೇಳಿದ ವಿನಿಮಯ. ಹತ್ತು ಹುಡುಗರು ತಮ್ಮ ಹೆಚ್ಚಿನ ಕಾರ್ಡುಗಳನ್ನು ಒಂದೇ ಕಡೆ ತಂದರೆ ಎಲ್ಲರ ಕೊರತೆಯೂ ಅರ್ಧಕ್ಕರ್ಧ ತುಂಬುತ್ತದೆ. ಎರಡು, ಬೇಕಾದ ಒಂದೇ ಕಾರ್ಡನ್ನು ಬಿಡಿಯಾಗಿ ಕೊಳ್ಳುವುದು. ಬಹುಪಾಲು ಕಾರ್ಡುಗಳು ಬಿಡಿಯಾಗಿ ಒಂದು ಪೊಟ್ಟಣದ ಬೆಲೆಗಿಂತ ಅಗ್ಗ ಎಂಬುದನ್ನು ಪಾಲಕರು ಗಮನಿಸಬೇಕು.

ಇಲ್ಲಿ ಸೋಜಿಗದ ಸಂಗತಿಯೊಂದಿದೆ. 1999ರ ಪ್ರಥಮ ಮುದ್ರಣದ ಮುದ್ರೆಯುಳ್ಳ, ಕಲೆಯಿಲ್ಲದ ಚಾರಿಜಾರ್ಡ್ ಒಂದು 2022ರಲ್ಲಿ 4,20,000 ಡಾಲರಿಗೆ ಹರಾಜಾಯಿತು. ಹಾಗಾದರೆ ಅದು ಆಟದಲ್ಲೂ ಮಹಾಬಲಶಾಲಿಯೇ? ಅಲ್ಲವೇ ಅಲ್ಲ. ಅದನ್ನು ಕಣಕ್ಕಿಳಿಸಲು ಎರಡು ಹಂತ ಬೆಳೆಸಬೇಕು, ಹೊಡೆಯಲು ನಾಲ್ಕು ಶಕ್ತಿ ಕಾರ್ಡು ಕೂಡಿಸಬೇಕು, ಹೊಡೆದ ಪ್ರತಿ ಸಲವೂ ಎರಡನ್ನು ಕಳೆದುಕೊಳ್ಳಬೇಕು. ಅಷ್ಟರಲ್ಲಿ ಎದುರಾಳಿ ಅರ್ಧ ಆಟ ಮುಗಿಸಿರುತ್ತಾನೆ. ಆ ಕಾಲದ ಚತುರ ಆಟಗಾರರು ಗೆಲ್ಲುತ್ತಿದ್ದದ್ದು ಹಿಟ್‌ಮೊನ್‌ಚಾನ್, ಇಲೆಕ್ಟಬಜ್ ಮುಂತಾದ, ಬೆಳೆಸುವ ಗೋಜಿಲ್ಲದ ಪ್ರಾಣಿಗಳಿಂದ. ಅವರ ಕಟ್ಟಿನ ಬೆನ್ನೆಲುಬಾಗಿದ್ದದ್ದು 'ಬಿಲ್' ಮತ್ತು 'ಪ್ರೊಫೆಸರ್ ಓಕ್' ಎಂಬ ಎರಡು ಸಪ್ಪೆ ಚಿತ್ರದ ಕಾರ್ಡುಗಳು. ಒಂದು ಎರಡು ಹೊಸ ಕಾರ್ಡು ಎತ್ತಲು ಬಿಡುತ್ತದೆ, ಇನ್ನೊಂದು ಕೈಯಲ್ಲಿರುವುದನ್ನೆಲ್ಲ ಎಸೆದು ಏಳು ಎತ್ತಲು ಬಿಡುತ್ತದೆ. ಎರಡೂ ಹೊಳೆಯುವುದಿಲ್ಲ, ಎರಡೂ ಅಪರೂಪದವಲ್ಲ. ಹುಡುಗರು ಅವನ್ನು ಚಾರಿಜಾರ್ಡಿನ ಆಸೆಗೆ ಬದಿಗೆ ತಳ್ಳುತ್ತಿದ್ದರು. ಆಡುವವನ ಬೆಲೆ ಬೇರೆ, ಕೂಡಿಸುವವನ ಬೆಲೆ ಬೇರೆ.

ಮುದ್ರಣಾಲಯದ ವಚನ

ಎರಡು ಬೆಲೆಯೂ ಒಂದೇ ಕಾರ್ಡಿನಲ್ಲಿ ಸೇರಿದ ಉದಾಹರಣೆಯೂ ಇದೆ. ಮ್ಯಾಜಿಕ್ ಆಟದ 'ಬ್ಲ್ಯಾಕ್ ಲೋಟಸ್', ಕಪ್ಪು ತಾವರೆ. ಏನೂ ಕೊಡದೆ ಮೂರು ಪಟ್ಟು ಶಕ್ತಿ ಒಮ್ಮೆಲೇ ಕೈಗೆ ಬರುವ ಈ ಕಾರ್ಡು 1993ರ ಮೊದಲ ಮುದ್ರಣದಲ್ಲಿ ಅಚ್ಚಾದದ್ದು ಸುಮಾರು 1,100 ಪ್ರತಿ. ಅಂಥದ್ದೊಂದು 2021ರಲ್ಲಿ 5,11,100 ಡಾಲರಿಗೆ, ಮತ್ತೊಂದು 2024ರಲ್ಲಿ 30 ಲಕ್ಷ ಡಾಲರಿಗೆ ಮಾರಾಟವಾಯಿತು.

ಅರ್ಧ ಅಂಗೈ ಅಗಲದ ರಟ್ಟಿಗೆ ಈ ಬೆಲೆ ಎಲ್ಲಿಂದ ಬಂತು? ಕಾಗದ, ಮಸಿ ಎರಡಕ್ಕೂ ಚಿಲ್ಲರೆ ಕಾಸು. ಕಂಪೆನಿ ಬಯಸಿದರೆ ನಾಳೆಯೇ ಅದನ್ನು ಲಕ್ಷ ಪ್ರತಿ ಅಚ್ಚು ಹಾಕಬಹುದು. ಹಾಕುವುದಿಲ್ಲ ಎಂಬ ನಂಬಿಕೆಯೇ ಬೆಲೆಯ ಬಹುಭಾಗ. ನೋಟಿನ ಮೇಲೆ ಗವರ್ನರರ ಸಹಿಯ ಜೊತೆ ಒಂದು ವಚನ ಇರುವ ಹಾಗೆ, ಕಾರ್ಡಿನ ಬೆನ್ನಿಗೂ ಕಣ್ಣಿಗೆ ಕಾಣದ ಒಂದು ವಚನವಿದೆ.

ಆ ವಚನ ಹುಟ್ಟಿದ್ದೇ ಒಂದು ಜಗಳದಿಂದ. 1995ರಲ್ಲಿ ವಿಜಾರ್ಡ್ಸ್ 'ಕ್ರಾನಿಕಲ್ಸ್' ಎಂಬ ಸರಣಿಯಲ್ಲಿ ಹಳೆಯ ಅಪರೂಪದ ಕಾರ್ಡುಗಳನ್ನು ಮರುಮುದ್ರಿಸಿತು. ಹೊಸ ಆಟಗಾರರಿಗೆ ಹಬ್ಬ. ದುಬಾರಿ ಬೆಲೆ ಕೊಟ್ಟು ಕೂಡಿಸಿಟ್ಟವರ, ಅಂಗಡಿಯವರ ಗಂಟು ಕರಗಿತು. ಗದ್ದಲ ಎದ್ದಿತು. 1996ರ ಮಾರ್ಚಿನಲ್ಲಿ ಕಂಪೆನಿ ಒಂದು ಪಟ್ಟಿ ಪ್ರಕಟಿಸಿ, ಇದರಲ್ಲಿರುವ ಕಾರ್ಡುಗಳನ್ನು ಮತ್ತೆ ಅದೇ ರೂಪದಲ್ಲಿ ಮುದ್ರಿಸುವುದಿಲ್ಲ ಎಂದು ಮಾತು ಕೊಟ್ಟಿತು. ಕಾಯ್ದಿರಿಸಿದ ಪಟ್ಟಿ ಎಂದೇ ಅದು ಪ್ರಸಿದ್ಧ. ಕೂಡಿಸುವವರು ನೆಮ್ಮದಿಯ ಉಸಿರು ಬಿಟ್ಟರು. ಆದರೆ ಆ ದಿನದಿಂದ ಪಟ್ಟಿಯ ಬಲವಾದ ಕಾರ್ಡುಗಳು ಸಾಮಾನ್ಯ ಆಟಗಾರನ ಕೈಗೆ ಎಟುಕದೆ ಮೇಲೇರುತ್ತ ಹೋದವು. ಒಬ್ಬರ ಠೇವಣಿ ಉಳಿಸಲು ಇನ್ನೊಬ್ಬರ ಆಟಕ್ಕೆ ಬೀಗ ಬಿತ್ತು ಎಂದರೆ ತಪ್ಪಾಗಲಾರದು. ಇದು ಇಂದಿಗೂ ಇತ್ಯರ್ಥವಾಗದ ವ್ಯಾಜ್ಯ.

2022ರಲ್ಲಿ ಆಟದ 30ನೇ ವರ್ಷದ ನೆನಪಿಗೆಂದು ಕಂಪೆನಿ ಆ ಹಳೆಯ ಕಾರ್ಡುಗಳನ್ನು ಬೇರೆ ಬೆನ್ನಿನೊಂದಿಗೆ ಮುದ್ರಿಸಿತು. 15 ಕಾರ್ಡಿನ ನಾಲ್ಕು ಪೊಟ್ಟಣಕ್ಕೆ ಬೆಲೆ 999 ಡಾಲರ್. ಸ್ಪರ್ಧೆಯಲ್ಲಿ ಬಳಸುವಂತಿಲ್ಲ. ಆಡಲೂ ಬಾರದ, ಹಳೆಯದೂ ಅಲ್ಲದ ಈ ಸರಕನ್ನು ಆಟಗಾರರೇ ಗೇಲಿ ಮಾಡಿದರು. ಅದೇ ನವೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕದ ವಿಶ್ಲೇಷಕರು ಹ್ಯಾಸ್‌ಬ್ರೋ ಷೇರಿನ ದರ್ಜೆಯನ್ನು ಒಮ್ಮೆಲೇ ಎರಡು ಮೆಟ್ಟಿಲು ಇಳಿಸಿದರು. ಕಾರಣ? ಮ್ಯಾಜಿಕ್ ಕಾರ್ಡುಗಳನ್ನು ಅತಿಯಾಗಿ ಮುದ್ರಿಸಿ ಅವುಗಳ ಬೆಲೆಯನ್ನು ಕಂಪೆನಿಯೇ ಕೆಡಿಸುತ್ತಿದೆ ಎಂಬುದು. ಮಕ್ಕಳ ಆಟದ ಕಾರ್ಡಿಗೆ ಹಣದುಬ್ಬರದ ಪಾಠ! ವಿಚಿತ್ರವೆಂದರೆ ಅದೇ ವರ್ಷ ಮ್ಯಾಜಿಕ್ ಆಟದ ವಾರ್ಷಿಕ ಆದಾಯ ನೂರು ಕೋಟಿ ಡಾಲರ್ ಮುಟ್ಟಿತ್ತು.

ಪೋಕೆಮಾನಿನ ಅಂಕಿ ಇನ್ನೂ ದೊಡ್ಡದು. 2025ರ ಮಾರ್ಚ್ ವರೆಗೆ ಜಗತ್ತಿನಲ್ಲಿ ಅಚ್ಚಾದ ಪೋಕೆಮಾನ್ ಕಾರ್ಡುಗಳು 7,500 ಕೋಟಿಗೂ ಹೆಚ್ಚು. ಆ ಒಂದೇ ಹಣಕಾಸು ವರ್ಷದಲ್ಲಿ ಸಾವಿರ ಕೋಟಿಗೂ ಮೇಲೆ. ಇಂದು ಅಂಗಡಿಯಲ್ಲಿ ಸಿಗುವ ಕಾರ್ಡು ಇಪ್ಪತ್ತು ವರ್ಷದ ಮೇಲೆ ಮಗಳ ಮದುವೆಗೆ ಬಂದೀತೆಂದು ಪೆಟ್ಟಿಗೆಗಟ್ಟಲೆ ಕೂಡಿಡುವವರು ಈ ಅಂಕಿಯನ್ನು ಎರಡು ಸಲ ಓದಬೇಕು. 1999ರ ಕಾರ್ಡಿಗೆ ಬೆಲೆ ಬಂದದ್ದು ಆಗಿನ ಹುಡುಗರು ಅದನ್ನು ಜೇಬಿನಲ್ಲಿ ತುರುಕಿ, ರಬ್ಬರ್ ಬ್ಯಾಂಡ್ ಹಾಕಿ, ಮಡಚಿ ಹಾಳುಮಾಡಿದ್ದರಿಂದ. ಈಗ ಎಲ್ಲರೂ ಜೋಪಾನ ಮಾಡುತ್ತಾರೆ.

ಮುಚ್ಚಿದ ಪೆಟ್ಟಿಗೆ, ಒಡೆದ ನಂಬಿಕೆ

2020ರಲ್ಲಿ ಕೊರೋನಾ ಬಂದು ಜನ ಮನೆಯೊಳಗೆ ಕುಳಿತಾಗ ಹಳೆಯ ಕಾರ್ಡುಗಳ ಬೆಲೆ ಗಾಳಿಪಟವಾಯಿತು. ಕಾರ್ಡಿನ ಸ್ಥಿತಿಯನ್ನು ಪರೀಕ್ಷಿಸಿ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡಿ ಕೊಡುವ ಸಂಸ್ಥೆಗಳಿವೆ. ಅವುಗಳಲ್ಲಿ ದೊಡ್ಡದಾದ ಪಿಎಸ್ಎ 2021ರಲ್ಲಿ ಕೆಲಸದ ರಾಶಿ ತಾಳಲಾರದೆ ಹೊಸ ಕಾರ್ಡು ಸ್ವೀಕರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಬೇಕಾಯಿತು. ಅದೇ ವರ್ಷ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಮಳಿಗೆಯ ಹೊರಗೆ ಕಾರ್ಡಿಗಾಗಿ ಹೊಡೆದಾಟವಾಗಿ ಪಿಸ್ತೂಲು ಹೊರಬಂತು. ಆ ಅಂಗಡಿ ಸರಣಿ ತನ್ನ ಮಳಿಗೆಗಳಲ್ಲಿ ಕಾರ್ಡು ಮಾರುವುದನ್ನೇ ಕೆಲಕಾಲ ಕೈಬಿಟ್ಟಿತು.

ವೀಡಿಯೋಗಳಿಂದ ಹೆಸರಾದ ಲೋಗನ್ ಪಾಲ್ ಎಂಬ ಅಮೆರಿಕದ ಯುವಕ 2021ರಲ್ಲಿ 'ಇಲಸ್ಟ್ರೇಟರ್' ಎಂಬ ಕಾರ್ಡಿಗೆ 52.75 ಲಕ್ಷ ಡಾಲರ್ ಕೊಟ್ಟ ಲೆಕ್ಕ ಗಿನ್ನೆಸ್ ದಾಖಲೆಗೆ ಸೇರಿತು. ಜಪಾನಿನ ಮಕ್ಕಳ ಪತ್ರಿಕೆಯೊಂದರ ಚಿತ್ರ ಸ್ಪರ್ಧೆಯ ವಿಜೇತರಿಗೆ ಕೊಟ್ಟ ಕಾರ್ಡು ಅದು. ಇರುವುದೇ ನಲುವತ್ತರ ಆಸುಪಾಸು. ಅದೇ ಯುವಕ 1999ರ ಪೋಕೆಮಾನ್ ಪೊಟ್ಟಣಗಳ ಒಡೆಯದ ದೊಡ್ಡ ಪೆಟ್ಟಿಗೆಯೊಂದನ್ನು 35 ಲಕ್ಷ ಡಾಲರಿಗೆ ಕೊಂಡ. ತಜ್ಞರು ಅಸಲಿ ಎಂದು ಮೊಹರು ಹಾಕಿದ್ದ ಪೆಟ್ಟಿಗೆ. ಅನುಮಾನ ಬಂದು 2022ರ ಜನವರಿಯಲ್ಲಿ ಕ್ಯಾಮರಾದ ಮುಂದೆ ಒಡೆದರೆ ಒಳಗೆ ಇದ್ದದ್ದು ಜಿ.ಐ. ಜೋ ಎಂಬ ಬೇರೆಯೇ ಸರಣಿಯ ಅಗ್ಗದ ಕಾರ್ಡು! ಮುಚ್ಚಿದ ಪೆಟ್ಟಿಗೆಗೆ ಬೆಲೆ ಇರುವುದು ಅದನ್ನು ಒಡೆಯದಿದ್ದರೆ ಮಾತ್ರ. ಒಳಗೆ ಏನಿದೆ ಎಂದು ತಿಳಿಯಬೇಕಾದರೆ ಒಡೆಯಲೇಬೇಕು. ಅಡವಿಗೆ ಬಂದ ಚಿನ್ನವನ್ನು ಒರೆಗೆ ಹಚ್ಚಿ ನೋಡಬಹುದು, ಇದಕ್ಕೆ ಆ ಒರೆಗಲ್ಲೂ ಇಲ್ಲ.

ಅದೃಷ್ಟ ಬರೀ ಸಿರಿವಂತರದ್ದಲ್ಲ ಎಂಬುದಕ್ಕೂ ಸಾಕ್ಷಿಯಿದೆ. 2023ರಲ್ಲಿ 'ಲಾರ್ಡ್ ಆಫ್ ದಿ ರಿಂಗ್ಸ್' ಕಥೆಯ ಮ್ಯಾಜಿಕ್ ಸರಣಿಯಲ್ಲಿ ಇಡೀ ಜಗತ್ತಿಗೆ ಒಂದೇ ಒಂದು ಪ್ರತಿಯ ಉಂಗುರದ ಕಾರ್ಡನ್ನು ಕಂಪೆನಿ ಎಲ್ಲೋ ಒಂದು ಪೊಟ್ಟಣದಲ್ಲಿ ಸೇರಿಸಿತ್ತು. ಅದು ಸಿಕ್ಕಿದ್ದು ಕೆನಡಾದ ಟೊರಾಂಟೊದ ಒಬ್ಬ ಅಂಗಡಿ ನೌಕರನಿಗೆ. ಗಾಯಕ ಪೋಸ್ಟ್ ಮಲೋನ್ ಅದನ್ನು ಕೊಂಡರು. ಬೆಲೆ 20 ಲಕ್ಷ ಡಾಲರ್ ಎಂದು ವರದಿಯಾಯಿತು. ಇಂಥ ಒಂದು ಸುದ್ದಿ ಎಷ್ಟು ಲಕ್ಷ ಪೊಟ್ಟಣ ಮಾರಿಸುತ್ತದೆ ಎಂಬುದು ಲಾಟರಿ ಟಿಕೇಟಿನ ಅಂಗಡಿ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಂಬಯಿ ಮಳೆಯೂ ನಕಲಿ ಕಾರ್ಡೂ

ಇನ್ನು ಮನೆಮಟ್ಟಿನ ಕೆಲವು ಸಂಗತಿಗಳು. ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ, ರೈಲ್ವೆ ನಿಲ್ದಾಣದ ಹೊರಗಿನ ಗಾಡಿಯಲ್ಲಿ ತೂಗುಹಾಕಿರುವ ಅಗ್ಗದ ಪೋಕೆಮಾನ್ ಪೊಟ್ಟಣಗಳು ಸಾಮಾನ್ಯವಾಗಿ ನಕಲಿ. ಬಂಗಾರ ಬಣ್ಣದ ಪ್ಲಾಸ್ಟಿಕ್ ಕಾರ್ಡಿನ ಕಟ್ಟುಗಳೂ ಹಾಗೆಯೇ. ಗುರುತು ಹಿಡಿಯುವುದು ಕಷ್ಟವಲ್ಲ. ಅಸಲಿ ಕಾರ್ಡಿನ ರಟ್ಟಿನ ನಡುವೆ ಕಪ್ಪು ಪದರವೊಂದಿರುವುದರಿಂದ ಮೊಬೈಲಿನ ಟಾರ್ಚ್ ಹಿಡಿದರೆ ಬೆಳಕು ಅಷ್ಟಾಗಿ ತೂರುವುದಿಲ್ಲ, ನಕಲಿಯಲ್ಲಿ ಧಾರಾಳವಾಗಿ ತೂರುತ್ತದೆ. ಪೋಕೆಮಾನ್ ಎಂಬ ಇಂಗ್ಲಿಷ್ ಹೆಸರಿನಲ್ಲಿ ಇ ಅಕ್ಷರದ ತಲೆಯ ಮೇಲೆ ಸಣ್ಣ ಓರೆ ಗೆರೆ ಇರಬೇಕು. ನಕಲು ಮಾಡುವವರು ಅದನ್ನು ಎಷ್ಟೋ ಸಲ ಮರೆಯುತ್ತಾರೆ. ಕಾಗುಣಿತ ತಪ್ಪು, ಮಾಸಲು ಬೆನ್ನು, ಲಂಗುಲಗಾಮಿಲ್ಲದ ಅಂಕಿಗಳು ಉಳಿದ ಲಕ್ಷಣಗಳು. ಅಣ್ಣ ತಂಗಿ ಮನೆಯಲ್ಲಿ ಆಡಿಕೊಳ್ಳಲು ನಕಲಿಯಿಂದ ನಷ್ಟವೇನಿಲ್ಲ. ಅದನ್ನು ಕೊಟ್ಟು ಗೆಳೆಯನ ಅಸಲಿ ಕಾರ್ಡು ಪಡೆದರೆ ಮಾತ್ರ ಅದು ಮೋಸ, ತಿಳಿದೋ ತಿಳಿಯದೆಯೋ ಮಕ್ಕಳಲ್ಲಿ ಇದೇ ಹೆಚ್ಚು ನಡೆಯುವುದು.

ಎರಡನೆಯ ಶತ್ರು ಮಳೆಗಾಲ. ಜೂನ್ ಬಂತೆಂದರೆ ಹೊಳೆಯುವ ಕಾರ್ಡುಗಳು ಹಪ್ಪಳದಂತೆ ಬಾಗುವುದನ್ನು ನೋಡಿ ನಕಲಿಯೇನೋ ಎಂದು ಗಾಬರಿಯಾಗುವವರಿದ್ದಾರೆ. ಅದು ನಕಲಿಯ ಲಕ್ಷಣವಲ್ಲ. ಹೊಳೆಯುವ ಕಾರ್ಡಿನಲ್ಲಿ ಕಾಗದದ ಜೊತೆ ಮಿರುಗುವ ತೆಳು ಹಾಳೆಯೊಂದು ಅಂಟಿರುತ್ತದೆ. ಗಾಳಿಯ ತೇವ ಹೀರಿ ಕಾಗದ ಹಿಗ್ಗುತ್ತದೆ, ಹಾಳೆ ಹಿಗ್ಗುವುದಿಲ್ಲ; ಆಗ ಕಾರ್ಡು ಬಾಗಲೇಬೇಕು. ಒಂದೊಂದಕ್ಕೂ ತೆಳು ಕವಚ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟರೆ ಸಾಕು. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಪುಟ್ಟ ಪೊಟ್ಟಣವನ್ನು ಇನ್ನು ಎಸೆಯಬೇಡಿ. ಪಿವಿಸಿ ಹಾಳೆಯ ಅಗ್ಗದ ಆಲ್ಬಮ್ ಬೇಡ, ಅದು ವರ್ಷ ಕಳೆದಂತೆ ಅಂಟಾಗಿ ಚಿತ್ರವನ್ನೇ ಕೆಡಿಸುತ್ತದೆ.

ಕಾರ್ಡನ್ನು ಹೂಡಿಕೆ ಎಂದು ನಂಬಿದವರಿಗೆ ಒಂದು ಮಾತು. ಇದಕ್ಕೆ ಬಡ್ಡಿ ಇಲ್ಲ, ಲಾಭಾಂಶ ಇಲ್ಲ, ಚಿನ್ನದಂತೆ ಅಡವಿಟ್ಟು ಸಾಲ ಪಡೆಯಲು ಬ್ಯಾಂಕಿನ ಕೌಂಟರಿಗೆ ಒಯ್ಯುವಂತಿಲ್ಲ. ಮಾರುವಾಗ ಕೊಳ್ಳುವವನು ಹೇಳಿದ್ದೇ ಬೆಲೆ.

ಆಡುವವನ ಖರ್ಚು ಮಾತ್ರ ಅಷ್ಟು ದೊಡ್ಡದಲ್ಲ. ಕಂಪೆನಿಗಳೇ ಆಡಲು ಸಿದ್ಧವಾದ ಕಟ್ಟುಗಳನ್ನು ಮಾರುತ್ತವೆ. ಒಳಗೆ ಏನಿದೆ ಎಂಬುದು ಪೆಟ್ಟಿಗೆಯ ಮೇಲೆಯೇ ಇರುತ್ತದೆ, ಅದೃಷ್ಟದ ಮಾತಿಲ್ಲ. ಅದಕ್ಕೆ ಬೇಕಾದ ಹತ್ತು ಹದಿನೈದು ಕಾರ್ಡನ್ನು ಬಿಡಿಯಾಗಿ ಸೇರಿಸಿಕೊಂಡರೆ ವರ್ಷವಿಡೀ ಆಡಬಹುದು. ಒಂದೇ ಕಾರ್ಡು ಸಾದಾ ರೂಪದಲ್ಲೂ, ಚಿನ್ನದ ಅಂಚಿನ ವಿಶೇಷ ಚಿತ್ರದಲ್ಲೂ ಅಚ್ಚಾಗುತ್ತದೆ. ಬೆಲೆಯಲ್ಲಿ ನೂರು ಪಟ್ಟು ವ್ಯತ್ಯಾಸವಿದ್ದರೂ ಆಟದ ಮೇಜಿನ ಮೇಲೆ ಎರಡರ ಬಲವೂ ಒಂದೇ. ಅರುವತ್ತರಲ್ಲಿ ನಾಲ್ಕು ಇರುವ ಕಾರ್ಡು ಮೊದಲ ಏಳರಲ್ಲಿ ಒಂದಾದರೂ ಬರುವ ಸಂಭವ ನೂರಕ್ಕೆ ಸುಮಾರು ನಲುವತ್ತು ಎಂಬ ಲೆಕ್ಕವನ್ನು ಈ ಹುಡುಗರು ಪುಸ್ತಕ ತೆರೆಯದೆ ಬಲ್ಲರು. ಅದೇ ಲೆಕ್ಕ ಪರೀಕ್ಷೆಯಲ್ಲಿ ಕೆಂಪು ಚೆಂಡು, ನೀಲಿ ಚೆಂಡು ಎಂದು ಬಂದರೆ ಕೆಲವರು ತಡವರಿಸುತ್ತಾರೆ ಎಂಬುದು ಬೇರೆ ಮಾತು.

ಅತ್ತ ಸಭಾಗೃಹದಲ್ಲಿ ವಂದನಾರ್ಪಣೆ ಮುಗಿದು ರಾಷ್ಟ್ರಗೀತೆಯಾಗಿ ಊಟದ ಸಾಲು ಶುರುವಾಗುವ ಹೊತ್ತಿಗೆ ಹಿಂದಿನ ಹುಡುಗರು ಇನ್ನೂ ಎದ್ದಿರುವುದಿಲ್ಲ. ತಾಯಂದಿರು ತಟ್ಟೆ ಹಿಡಿದು ಕರೆಯುತ್ತಾರೆ. ಅವರು ಕಾರ್ಡುಗಳನ್ನು ಬೇರ್ಪಡಿಸಿ ತಮ್ಮ ತಮ್ಮ ಕಟ್ಟನ್ನು ಎಣಿಸುತ್ತಿರುತ್ತಾರೆ. ಐವತ್ತೊಂಬತ್ತಕ್ಕೆ ನಿಂತರೆ ಆ ಕಟ್ಟಿನಿಂದ ಮುಂದಿನ ಸ್ಪರ್ಧೆಯಲ್ಲಿ ಆಡುವಂತಿಲ್ಲ. ಆಗ ಗದರಿದ್ದ ಹಿರಿಯ ಸದಸ್ಯರೂ ಬಗ್ಗಿ ಕುರ್ಚಿಯ ಕೆಳಗೆ ಆ ಒಂದು ಕಾರ್ಡನ್ನು ಹುಡುಕಬೇಕಾಗುತ್ತದೆ.